ಅಕ್ಕನ ಹೊಲಿಗೆ, ಭಾವನ ಹೆಸರು

ನನ್ನ ಅಕ್ಕನನ್ನು ಬೀದಿಯವರೆಲ್ಲ ಕರೆಯುವುದು ‘ಟೈಲರ್ ಹೆಂಡತಿ’ ಎಂದು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಟೈಲರ್ ಅವಳೇ. ಭಾವನಿಗೆ ತಮ್ಮ ಅಂಗಿಯ ಕಿತ್ತ ಗುಂಡಿ ಹೊಲಿದುಕೊಳ್ಳಲೂ ಬಾರದು.

ಭಾವ ಬೋರ್ಡ್ ಬರೆಯುತ್ತಿದ್ದವರು. ಅಂಗಡಿಗಳ ನೆತ್ತಿಯ ಮೇಲೆ, ಲಾರಿಗಳ ಬೆನ್ನ ಮೇಲೆ, ಶಾಲೆಯ ಗೋಡೆಯ ಮೇಲೆ, ಎಲ್ಲ ಕಡೆ ಅವರದೇ ಅಕ್ಷರ. ಪ್ರಿಂಟ್ ಹೊಡೆಯುವ ಬ್ಯಾನರುಗಳು ಬಂದ ಮೇಲೆ ಬ್ರಷ್ಷನ್ನು ಕೇಳುವವರೇ ಇಲ್ಲವಾದರು. ತಾವೂ ಅಂಥದೊಂದು ಯಂತ್ರ ತರುತ್ತೇನೆಂದು ಹೊರಟು ಫೈನಾನ್ಸ್ ಕಂಪನಿಯೊಂದರಲ್ಲಿ ಸಾಲ ಮಾಡಿದರು. ಯಂತ್ರ ಬಂತು, ಕೆಟ್ಟಿತು, ಗುಜರಿಗೆ ಹೋಯಿತು. ಸಾಲ ಮಾತ್ರ ಗಟ್ಟಿಮುಟ್ಟಾಗಿ ಮನೆಯಲ್ಲೇ ಉಳಿಯಿತು.

ಅಲ್ಲಿಂದ ಮನೆ ನಡೆದದ್ದು ಅಕ್ಕನ ಹೊಲಿಗೆಯಿಂದ. ಶಾಲೆಯ ಯೂನಿಫಾರ್ಮು, ಆಸ್ಪತ್ರೆಯ ಪರದೆ, ಏನು ಬಂದರೂ ಹಿಂದಿನ ಕೋಣೆಯಲ್ಲಿ ಕೂತು ಹೊಲಿಯುತ್ತಿದ್ದಳು. ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು, ಕೊರಳಿಗೆ ಟೇಪು ಇಳಿಬಿಟ್ಟುಕೊಂಡು ಕೂರುತ್ತಿದ್ದವರು ಭಾವ. ಇದು ಅಕ್ಕನೇ ಮಾಡಿದ ಏರ್ಪಾಡು.

“ಹೆಂಡ್ತಿ ದುಡಿಮೇಲಿ ಕೂತು ತಿಂತಾನೆ ಅಂತ ಯಾರೂ ಅನ್ನಬಾರ್ದು ಕಣೇ. ಅವರು ಮೊದಲೇ ಸೊರಗಿ ಹೋಗಿದ್ದಾರೆ” ಎನ್ನುತ್ತಿದ್ದಳು.

ಬಿಲ್ ಪುಸ್ತಕವೂ ಭಾವನ ಹೆಸರಿನಲ್ಲೇ. ಹಣ ಬಂದು ಬೀಳುತ್ತಿದ್ದದ್ದು ಇಬ್ಬರ ಜಂಟಿ ಖಾತೆಗೆ. ಗಂಡನ ಮರ್ಯಾದೆಗೆ ಒಳಗಿನಿಂದ ಲೈನಿಂಗ್ ಕೊಟ್ಟು ಹೊಲಿದಿದ್ದಳು ಅನ್ನಿ.

ಅವರ ಮಗಳಿಗೆ ಕಿವಿ ಬರಬರುತ್ತಾ ಮಂದವಾಗುತ್ತಿತ್ತು. ತಡ ಮಾಡಿದರೆ ಇರುವಷ್ಟೂ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ದುಡ್ಡೂ ಕೂಡಿತ್ತು. ಮುಂಗಡ ಕಟ್ಟಲು ಅಕ್ಕ ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ಕೊಟ್ಟಳು. ಕೌಂಟರಿನ ಹುಡುಗಿ ಮತ್ತೆ ಮತ್ತೆ ಉಜ್ಜಿ ನೋಡಿ, “ಆಗ್ತಿಲ್ಲ ಮೇಡಂ” ಎಂದು ವಾಪಸು ಕೊಟ್ಟಳು.

ಅಕ್ಕನೂ ನಾನೂ ಬ್ಯಾಂಕಿಗೆ ಓಡಿದೆವು. “ಕೋರ್ಟ್ ಆರ್ಡರ್ ಬಂದಿದೆಯಮ್ಮ. ನಿಮ್ಮ ಯಜಮಾನರ ಸಾಲಕ್ಕೆ ಈ ಖಾತೆ ತಡೆಹಿಡಿದಿದ್ದೀವಿ” ಎಂದರು ಮ್ಯಾನೇಜರು.

“ಸಾಲ ಅವರದು, ದುಡ್ಡು ಇವಳದು!” ಎಂದು ನಾನು ಕೂಗಿಯೇಬಿಟ್ಟೆ.

“ಇರಬಹುದು. ಆದ್ರೆ ಖಾತೆ ಇಬ್ಬರದೂ ಅಲ್ವಾ?”

ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

ನಾನೇ ಒಬ್ಬ ವಕೀಲರನ್ನು ಹಿಡಿದೆ. ಅವರು ಅಕ್ಕನಿಗೆ ಬಿಡಿಸಿ ಹೇಳಿದರು: “ಖಾತೇಲಿರೋದು ನಿಮ್ಮ ದುಡಿಮೆ ಅಂತಾದ್ರೆ ನಿಮಗೆ ಬಿಡ್ತಾರೆ. ಅವರ ದುಡಿಮೆ ಅಂತಾದ್ರೆ ಸಾಲಕ್ಕೆ ಹೋಗುತ್ತೆ. ಹೊಲಿಯೋದು ನಾನೊಬ್ಳೇ ಅಂತ ಜಡ್ಜ್ ಮುಂದೆ ಹೇಳಿಬಿಡಿ, ಸಾಕು.”

“ನಮ್ಮನೆಯವರ ಎದುರಿಗೇನಾ?” ಎಂದಳು ಅಕ್ಕ.

“ಎಲ್ಲರ ಎದುರಿಗೆ.”

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಳು. ಆಮೇಲಿನ ದಿನಗಳಲ್ಲಿ ವಸೂಲಿಯವರು ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತು ಏಳುವ ಮಾತೇ ಆಡುತ್ತಿರಲಿಲ್ಲ. ಅವಳ ಮಿಷನ್ನಿನ ಸದ್ದು ನಿಂತು ನಿಂತು ಓಡುತ್ತಿತ್ತು. “ಹೇಳ್ತೀಯ ತಾನೆ?” ಎಂದು ನಾನು ಕೇಳಿದಾಗಲೆಲ್ಲ “ನೋಡೋಣ” ಎನ್ನುತ್ತಿದ್ದಳು. ಮಗಳ ಕಿವಿಯ ವಿಷಯದಲ್ಲಿ ನೋಡುವುದೇನು ಬಂತು? ನನಗೆ ಅವಳ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ.

ಕೋರ್ಟಿಗೆ ಸಾಕ್ಷಿ ಹೇಳಲು ಯೂನಿಫಾರ್ಮು ಹೊಲಿಸುತ್ತಿದ್ದ ಶಾಲೆಯ ಗುಮಾಸ್ತರು ಬಂದಿದ್ದರು, ನಮಗೆ ಬಟ್ಟೆ ಕೊಡುತ್ತಿದ್ದ ಅಂಗಡಿಯ ಸಾಹುಕಾರರೂ ಬಂದಿದ್ದರು. ಇಬ್ಬರೂ ಭಾವನನ್ನು ‘ಏನ್ ಟೈಲರ್ ಸಾಹೇಬ್ರೇ’ ಎಂದೇ ಮಾತಾಡಿಸುವವರು. ಕಂಪನಿಯ ವಕೀಲ ಬಿಲ್ ಪುಸ್ತಕ ಎತ್ತಿ ಹಿಡಿದು, ಪ್ರತಿ ಹಾಳೆಯ ಮೇಲೂ ಭಾವನ ಹೆಸರೇ ಇದೆ ಎಂದ.

ಜಡ್ಜ್ ಅಕ್ಕನನ್ನು ಕೇಳಿದರು: “ಹೊಲಿಯೋರು ಯಾರಮ್ಮ?”

ಅಕ್ಕ ಭಾವನ ಕಡೆ ನೋಡಿದಳು. ಸಾಹುಕಾರರ ಕಡೆ ನೋಡಿದಳು. “ಇಬ್ರೂ ಸೇರಿ ಹೊಲಿತೀವಿ ಸ್ವಾಮಿ” ಎಂದಳು.

ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು.

“ಇಬ್ಬರೂ ಅಂದ್ರೆ ಅರ್ಧ ಸಾಲಕ್ಕೆ ಹೋಗುತ್ತೆ. ಯೋಚನೆ ಮಾಡಿ ಹೇಳಿದ್ರಾ?” ಎಂದರು ಜಡ್ಜ್. ಅರ್ಧ ದುಡ್ಡಿಗೆ ಅರ್ಧ ಆಪರೇಷನ್ ಯಾರೂ ಮಾಡುವುದಿಲ್ಲ. ಅಕ್ಕ ಸೆರಗಿನ ಅಂಚನ್ನು ಮತ್ತೆ ಬೆರಳಿಗೆ ಸುತ್ತಿಕೊಂಡಳು.

ಆಗ ಭಾವ ಎದ್ದು ನಿಂತರು. ಯಾರೂ ಕರೆದಿರಲಿಲ್ಲ.

“ಅವಳು ಸುಳ್ಳು ಹೇಳ್ತಿದ್ದಾಳೆ ಸ್ವಾಮಿ. ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ಟೇಪು ಹಾಕ್ಕೊಂಡು ಕೂರ್ತೀನಿ ಅಷ್ಟೆ. ನಾನು ಅಳತೆ ತಗೊಂಡ್ರೆ ಇವಳು ಒಳಗಿಂದ ಬಂದು ಇನ್ನೊಂದ್ಸಲ ತಗೋತಾಳೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶಾಲೆಯ ಗುಮಾಸ್ತರು ಮಾತ್ರ ನಗಲಿಲ್ಲ. “ಹೌದು ಸ್ವಾಮಿ, ಪ್ರತಿ ಸಲ ಈ ಅಮ್ಮ ಬಂದು ಮತ್ತೆ ಅಳೀತಿದ್ರು. ನನಗೆ ಈಗ ಹೊಳೀತಿದೆ” ಎಂದರು.

ಭಾವನ ಹೇಳಿಕೆ ಬರೆದುಕೊಳ್ಳುವಾಗ ಕೋರ್ಟಿನವನು “ಉದ್ಯೋಗ?” ಎಂದು ಕೇಳಿದ. ಭಾವ ತಡವರಿಸಿದರು. ಅಕ್ಕ ಥಟ್ಟನೆ ಬಾಯಿ ಹಾಕಿದಳು: “ಬೋರ್ಡ್ ಬರೀತಾರೆ. ತುಂಬಾ ಚೆನ್ನಾಗಿ ಬರೀತಾರೆ.”

ಕಂಪನಿಯ ವಕೀಲ ಸರಕ್ಕನೆ ತಲೆಯೆತ್ತಿದ. ಭಾವನಿಗೂ ಸಂಪಾದನೆ ಇದೆ ಎಂದಾದರೆ ಅವನಿಗೆ ಅಷ್ಟೇ ಸಾಕಿತ್ತು.

“ಬರೀತಿದ್ದೆ. ಈಗಿಲ್ಲ” ಎಂದರು ಭಾವ. “ಉದ್ಯೋಗ ಇಲ್ಲ ಅಂತ ಬರ್ಕೊಳ್ಳಿ. ದುಡ್ಡೆಲ್ಲ ಅವಳದು.”

ಹೇಳಿಕೆಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಭಾವ ಸಹಿ ಹಾಕಿದರು. ತಡೆ ತೆಗೆಯಲು ಜಡ್ಜ್ ಆದೇಶ ಕೊಟ್ಟರು. ನನಗೆ ಹೋದ ಜೀವ ಬಂದಂತಾಯಿತು. ಅಕ್ಕ ಮಾತ್ರ ಮೆಟ್ಟಿಲಿಳಿಯುತ್ತಾ ಬಿಕ್ಕತೊಡಗಿದಳು. ಸಾಹುಕಾರರು ನಮ್ಮನ್ನು ಮಾತಾಡಿಸದೆ ಮುಂದೆ ಹೋಗಿಬಿಟ್ಟಿದ್ದರು.

“ಯಾಕ್ರೀ ಹೇಳಿದ್ರಿ? ನಾಳೆಯಿಂದ ಬೀದೀಲೆಲ್ಲ ಆಡ್ಕೋತಾರೆ. ಮಗು ಕಿವಿಗೂ ಬೀಳುತ್ತೆ” ಎಂದಳು.

“ಬೀಳ್ಲಿ ಬಿಡೇ” ಎಂದರು ಭಾವ. “ಬೀಳ್ಬೇಕು ಅಂತ ತಾನೆ ಇಷ್ಟು ದಿನ ನೀನು ಹೊಲಿದಿದ್ದು.”