ಪರ್ಸ್ಯೂಟ್ ಪದದ ಉಸ್ತುವಾರಿ

ನಮ್ಮ ಅತ್ತಿಗೆ ಇಂಗ್ಲಿಷ್–ಕನ್ನಡ ನಿಘಂಟಿನ ಕಚೇರಿಯಲ್ಲಿ ಟೈಪಿಸ್ಟ್. ಬೇರೆಯವರು ಬರೆದದ್ದನ್ನು ಟೈಪು ಮಾಡಿ ಮಾಡಿ ಬೆರಳು ಸವೆದ ಮೇಲೆ, ಸಂಪಾದಕರು ಒಂದು ದಿನ ಅವಳಿಗೇ ಬರೆಯಲು ಒಂದು ಪದ ಕೊಟ್ಟರು: ಪರ್ಸ್ಯೂಟ್. ಚೆನ್ನಾಗಿ ಮಾಡಿದರೆ ಪದ ಬರೆಯುವವರ ಸಾಲಿನಲ್ಲಿ ಕುರ್ಚಿ. ಕೆಡಿಸಿದರೆ ಮತ್ತೆ ಟೈಪ್‌ರೈಟರೇ ಗತಿ.

ಆ ಕಚೇರಿಯಲ್ಲೊಂದು ಕಟ್ಟುನಿಟ್ಟು. ಉದಾಹರಣೆಯ ವಾಕ್ಯವನ್ನು ಯಾರೂ ಸ್ವಂತ ಹೊಸೆಯುವಂತಿಲ್ಲ; ಎಲ್ಲಾದರೂ ಅಚ್ಚಾಗಿರಬೇಕು. ಅತ್ತಿಗೆ ಹುರುಪಿನಿಂದ ವಾಕ್ಯಗಳನ್ನು ಒಟ್ಟುಮಾಡಿ ಒಯ್ದಳು. ಸಂಪಾದಕರು ಓದುತ್ತ ಓದುತ್ತ ಕನ್ನಡಕ ತೆಗೆದರು.

"ಏನಮ್ಮಾ ಇದು? ಕಳ್ಳನ ಹಿಂದೆ ಪೊಲೀಸ್ ಓಡ್ತಾನೆ, ಪೊಲೀಸಿನ ಹಿಂದೆ ನಾಯಿ ಓಡುತ್ತೆ. ಓದಿ ನನಗೇ ಏದುಸಿರು ಬಂತು! ಈ ಪದಕ್ಕೆ ಬೇರೆ ಅರ್ಥನೇ ಇಲ್ವಾ? ನಾಳೆ ಸಂಜೆ ಪುಟ ಅಚ್ಚಿಗೆ ಹೋಗ್ಬೇಕು."

ಅತ್ತಿಗೆ ನಾಲಿಗೆ ಕಚ್ಚಿಕೊಂಡಳು. ಅವಳು ಓದುತ್ತಿದ್ದದ್ದೆಲ್ಲ ಬರೀ ಪತ್ತೇದಾರಿ ಕಾದಂಬರಿ!

ಪದ ಬರೆಯುವವರಲ್ಲೊಬ್ಬನಾದ ಪಕ್ಕದ ಮೇಜಿನವ ಪಿಸುಗುಟ್ಟಿದ: "ಅಕ್ಕಾ, ಒಂದೆರಡು ನೀವೇ ಬರೆದು ಸೇರಿಸ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಸುಮ್ನಿರಪ್ಪ. ಇಷ್ಟು ವರ್ಷ ಕಾದಿದ್ದು ಕಳ್ಳವಾಕ್ಯ ಬರೆಯೋಕಾ?"

ಮರುದಿನ ರಜೆ ಹಾಕಿ ಸೀದಾ ರದ್ದಿ ಅಂಗಡಿಗೆ ಹೊರಟಳು. ನಮ್ಮಮ್ಮ, ಅಂದರೆ ಅವಳ ಅತ್ತೆ, ಇಂಗ್ಲಿಷ್ ಬಾರದಿದ್ದರೂ ಬೆನ್ನಿಗೇ ಬಂದಳು.

"ಆ ಪದದ ಅರ್ಥನಾದ್ರೂ ಹೇಳೇ."

"ಬೆನ್ನು ಹತ್ತೋದು, ಅತ್ತೆ."

"ಮತ್ತೆ ನಾವು ಮಾಡ್ತಿರೋದೇನು, ಪೂಜೆನಾ? ಕಟ್ಟು ಬಿಚ್ಚು."

ದೂಳು ಕೊಡವಿ ಕೊಡವಿ ಇಬ್ಬರೂ ಸೀನಿದರು. ಕಾಲೇಜಿನ ಹಳೆಯ ಕೈಪಿಡಿಯಲ್ಲಿ ಜ್ಞಾನದ ಅನ್ವೇಷಣೆ ಸಿಕ್ಕಿತು. ಯಾವುದೋ ಕಂಪನಿಯ ವರದಿಯಲ್ಲಿ ಲಾಭದ ಬೆನ್ನು ಬಿದ್ದದ್ದು. ಸೈಕಲ್ಲಿನ ಪತ್ರಿಕೆಯೊಂದರಲ್ಲಂತೂ ಅದು ಪಂದ್ಯದ ಹೆಸರೇ ಆಗಿತ್ತು. ಆದರೆ ಬಿಡುವಿನ ಹವ್ಯಾಸ ಎನ್ನುವ ಅರ್ಥವೂ ಒಂದಿದೆ. ಅತ್ತಿಗೆಗೆ ಅದು ಗೊತ್ತು, ಅಚ್ಚಾದ ವಾಕ್ಯ ಮಾತ್ರ ಸಿಗದು. ಅಂಗಡಿಯವ ಬಾಗಿಲು ಎಳೆಯಲು ಬಂದ.

"ತಾಯೀ, ಇನ್ನೂ ಮುಗೀಲಿಲ್ವಾ?"

"ಆ ಮೂಲೇದು ಬಿಚ್ಚಿಲ್ಲ," ಎಂದು ಅತ್ತಿಗೆ ಹಗ್ಗವನ್ನು ಹಲ್ಲಿನಿಂದಲೇ ಕಚ್ಚಿ ಎಳೆದಳು. ಒಳಗೆಲ್ಲ ತೋಟಗಾರಿಕೆಯ ಪತ್ರಿಕೆಗಳು. ನಿವೃತ್ತ ನ್ಯಾಯಾಧೀಶರೊಬ್ಬರು ಬರೆದಿದ್ದರು: ಈಗ ಗುಲಾಬಿ ಬೆಳೆಸುವುದೊಂದೇ ನನ್ನ ಪರ್ಸ್ಯೂಟ್.

ಅತ್ತಿಗೆ ಕೂದಲಲ್ಲಿ ಜೇಡರ ಬಲೆ ಹೊತ್ತುಕೊಂಡೇ ಕಚೇರಿಗೆ ನುಗ್ಗಿದಳು. ಅಚ್ಚಿನವನು ಪುಟವನ್ನು ಕೈಗೆತ್ತಿಕೊಂಡಾಗಿತ್ತು. ಸಂಪಾದಕರು ವಾಕ್ಯವನ್ನು ಎರಡು ಸಲ ಓದಿದರು.

"ಅಬ್ಬ, ಓಡದೆ ಒಬ್ಬನಾದ್ರೂ ಕೂತ್ಕೊಂಡಿದಾನೆ!" ಎಂದು ನಕ್ಕು ಪುಟವನ್ನು ವಾಪಸು ತರಿಸಿದರು. ಆಮೇಲೆ ಪಕ್ಕದ ಮೇಜಿನವನ ಕಡೆ ತಿರುಗಿ, "ನೀನು ಆ ಕಡೆ ಸರಿಯಪ್ಪ. ಇವರ ಕುರ್ಚಿ ಹಾಕ್ಬೇಕು," ಎಂದರು.