ಹರಿದ ಕಿವಿಯ ಚಿತ್ರ

"ಮನಿ ಹೆಂಗಸರ ಚಿತ್ರ ತಗದ್ಯೋ, ಒಲಿಗೆ ಹಾಕ್ತೀನಿ. ನಿನ್ನ ಚಿತ್ರಕಲಾ ಸಾಲಿನೂ ಬಿಡಸ್ತೀನಿ" ಅಂತ ಬಿಂದುಮಾಧವ ಮಾಸ್ತರು ಮಗ ಏಕನಾಥಗ ಮೊದಲ ಹೇಳಿದ್ದರು. ಹೇಳಿದ್ದು ಮಾಡೋ ಪೈಕಿ ಆ ಮನುಷ್ಯಾ. ಅದಕ್ಕ ಆವತ್ತು ಮುಂಜಾನೆ ಅವರು ಪಡಸಾಲ್ಯಾಗಿನ ಹೊಸ ಚಿತ್ರದ ಮುಂದ ಚಾಳೀಸು ಏರಿಸಿ ನಿಂತಾಗ, ಅಡಗಿಮನಿ ಬಾಗಲದಾಗ ಅವರ ತಂಗಿ ಅಂಬಾಬಾಯಿಯ ಎದಿ ಧಸಕ್ ಅಂತು.

ಚಿತ್ರದಾಗಿದ್ದಾಕಿ ಆಕೀನ. ಅಣ್ಣ ಸಾಲಿಗೆ ಹೋದ ಹೊತ್ತಿನಾಗ ಅಟ್ಟದ ಮ್ಯಾಲ ಕೂತು ಬರಿಸಿಕೊಂಡಿದ್ದಳು. ಹನ್ನೆರಡರ ವಯಸ್ಸಿಗೆ ಗಂಡನ್ನ ಕಳಕೊಂಡು, ತಲಿ ಬೋಳಿಸಿಕೊಂಡು, ಕೆಂಪು ಸೀರಿ ಸೆರಗಿನಾಗ ದಿನಾ ತಗದಾಕಿ. ೧೯೬೨ನೇ ಇಸವಿ, ಅದೂ ಧಾರವಾಡದಂಥಾ ಊರು, ಇನ್ನೂ ತಿಂಗಳಿಗೊಮ್ಮೆ ಹಿತ್ತಲಕ್ಕ ಕ್ಷೌರದ ಫಕೀರಪ್ಪ! ಹೇಳಲಿಕ್ಕೇ ನಾಚಿಕಿ ಬರ್ತದ.

"ಅತ್ಯಾ, ನಿನ್ನ ಕೂದಲಾ ಎಷ್ಟುದ್ದ ಇತ್ತು?" ಅಂತ ಚಿತ್ರಾ ತಗೀವಾಗ ಏಕನಾಥ ಕೇಳಿದ್ದ. "ಮೊಣಕಾಲ ಮುಟ್ತಿತ್ತಪಾ" ಅಂದಿದ್ದಳು. ಅಷ್ಟ.

"ಇದೇನೋ ಇದು? ಮಾರಿ ನೀಲಿ, ಎರಡೂ ಕಣ್ಣು ಒಂದ ಕಡೆ, ಮೂಗ ಇಲ್ಲ! ಯಾರಿವಳು?" ಅಂದರು ಮಾಸ್ತರು.

"ಯಾರೂ ಅಲ್ಲಪ್ಪಾ. ನವ್ಯ ಶೈಲಿ. ಅರ್ಥ ನೋಡಿದವರ ಮಾಡ್ಕೋಬೇಕು" ಅಂದ ಏಕನಾಥ.

ಮಾಸ್ತರಿಗೆ ಅರ್ಥ ಹೇಳು ಅಂದ್ರ ಕೇಳಬೇಕ? "ತಲಿಯಿಂದ ಕೆಳತನಕ ಕರಿ ಬಣ್ಣ... ಹಾಂ, ಮುಂಗಾರಿನ ಮೋಡ! ಇವಳು ಭೂಮಿತಾಯಿ. ಖರೇ ಹೌದಲ್ಲೋ?"

"ಹೌದಪ್ಪಾ."

ಅವರ ಬೆರಳು ಸರದು ಸರದು ಕಿವಿ ಹತ್ರ ನಿಂತಿತು. "ಈ ಕಿವಿ ಯಾಕ ಹರದದ?"

ಅಂಬಾಬಾಯಿ ಸೆರಗಿನೊಳಗ ತನ್ನ ಎಡಗಿವಿ ಗಟ್ಟಿ ಹಿಡಕೊಂಡಳು.

"ಬಣ್ಣ ಸೋರೇದಪ್ಪಾ" ಅಂದ ಏಕನಾಥ.

"ಹಂಗೇನು! ಛಲೋ ಅದ, ಇರ್ಲಿ" ಅಂದು ಮಾಸ್ತರು ಕುರ್ಚಿಗೆ ಹೋದರು.

ಬದುಕಿದ್ವಿಪಾ ಅಂತ ಅಂಬಾಬಾಯಿ ಉಸಿರು ಬಿಡಬೇಕಿತ್ತು. ಬಿಡಲಿಲ್ಲ, ಸಿಟ್ಟು ಬಂತು. ನನ್ನ ಕೂದಲಾ ಮೋಡಂತ! ನಾ ಭೂಮಿತಾಯಂತ!

ಅಷ್ಟರಾಗ ಹಿತ್ತಲದಾಗ ಫಕೀರಪ್ಪ ಕೆಮ್ಮಿದ. "ಅಂಬಾ, ಅಂವ ಬಂದಾನ. ಲಗೂ ಹೋಗು" ಅಂದರು ಮಾಸ್ತರು.

"ಹೋಗಂಗಿಲ್ಲ."

"ಏನಂದಿ?"

ಆಕಿ ಚಿತ್ರದ ಬಾಜೂಕ ಬಂದು ನಿಂತು ತಲಿಮ್ಯಾಲಿನ ಸೆರಗು ತಗದಳು. "ನೋಡಣ್ಣಾ. ನಮ್ಮವರು ತೀರಿದ ದಿವಸ ಈ ಕಿವ್ಯಾಗಿನ ಬೆಂಡೋಲಿ ಜಗ್ಗಿದಾಂವ ನೀನ. ನಿನಗೂ ಗುರ್ತ ಸಿಗಲಿಲ್ಲೇನು?"

ಏಕನಾಥ ಓಡಿಬಂದು ಚಿತ್ರಕ್ಕ ಅಡ್ಡ ನಿಂತ. ಮಾಸ್ತರು ಅದನ್ನ ಮುಟ್ಟಲಿಲ್ಲ. ಎದ್ದು ಹಿತ್ತಲ ಬಾಗಲಿಗೆ ಹೋಗಿ, "ಫಕೀರಪ್ಪಾ, ನೀ ಹೋಗಪಾ. ಇನ್ನ ಬರಬ್ಯಾಡ" ಅಂದರು. ಹೊಳ್ಳಿ ಒಳಗ ಬಂದು ತಂಗಿ ಮಾರಿ ನೋಡೋ ಧೈರ್ಯ ಆಗದ, ಅಲ್ಲೇ ಹೊಸ್ತಿಲ ಮ್ಯಾಲ ಕೂತುಬಿಟ್ಟರು.