ಹ್ಯಾಕ್ ಆಗ್ಲಿಲ್ಲ, ನಾನೇ ಒತ್ತಿದ್ದು

ನಾವು ಯಾರಾದರೂ ಕಂಪ್ಯೂಟರಿನ ಮುಂದೆ ಕೂತು ಪಾಸ್‌ವರ್ಡ್ ಹೊಡೆಯುವ ಹೊತ್ತಿಗೆ ನಮ್ಮ ಮಿಸ್ಸು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ಬರೀ ಮುಖವಲ್ಲ, ಆ ಗಿಡ್ಡ, ದುಂಡನೆಯ ದೇಹವೇ ಪೂರ್ತಿ ತಿರುಗಬೇಕು. ದಪ್ಪ ಕನ್ನಡಕದೊಳಗಿಂದ ಕೆಳಗಿನ ರಸ್ತೆಯ ಲಾರಿಗಳನ್ನು ನೋಡುತ್ತಾ, ‘ಆಯ್ತೇನ್ರೋ?’ ಎಂದು ಬೆನ್ನು ಹಾಕಿಕೊಂಡೇ ಕೇಳುವರು. ‘ಆಯ್ತು ಮಿಸ್’ ಎಂದ ಮೇಲಷ್ಟೇ ಇತ್ತ ತಿರುಗುವುದು. ಒಳಗೆ ಯಾರೋ ಸೀರೆ ಬದಲಾಯಿಸುತ್ತಿದ್ದಾರೇನೋ ಎನ್ನುವಷ್ಟು ಮರ್ಯಾದೆ. ಹೊಸಬರು ಕಿಸಕ್ಕೆಂದು ನಗುತ್ತಿದ್ದರು. ನಾನೂ ನಕ್ಕವಳೇ.

ಬಾಳ್ಳುಪೇಟೆಯ ಟೈರ್ ಅಂಗಡಿಯ ಮೇಲಿನ ಒಂದು ಕೋಣೆ, ಅದೇ ನಮ್ಮ ಕೋಚಿಂಗ್ ಸೆಂಟರು. ಬ್ಯಾಂಕ್ ಪರೀಕ್ಷೆ ಕಟ್ಟಿದವರಿಗೆ ಕಂಪ್ಯೂಟರ್ ಜ್ಞಾನದ ಪಾಠ ಅಲ್ಲಿ ನಡೆಯುತ್ತಿತ್ತು. ಲೆಕ್ಕ, ಇಂಗ್ಲಿಷ್ ಎಲ್ಲಾದರೂ ಕಲಿಯಬಹುದಿತ್ತು. ವೈರಸ್, ಫೈರ್‌ವಾಲ್, ಫಿಶಿಂಗ್ ಎಂಬ ಹೆಸರುಗಳು ಮಾತ್ರ ಗೈಡ್ ಪುಸ್ತಕದಲ್ಲಿ ಒಂದರ ಮೇಲೊಂದು ಬಿದ್ದುಕೊಂಡು ನಮ್ಮ ತಲೆ ತಿನ್ನುತ್ತಿದ್ದವು. ಮಿಸ್ಸು ಮೊದಲು ಒಂದು ಎಸ್ಟೇಟಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಪೇಟೆಗೆ ಬಂದು ಈ ಕೋಣೆ ಹಿಡಿದಿದ್ದರು. ಎಸ್ಟೇಟಿನ ಬುದ್ಧಿ ಅವರನ್ನು ಬಿಟ್ಟಿರಲಿಲ್ಲ, ಪಾಠವೂ ತೋಟದಿಂದಲೇ ಶುರುವಾಗುತ್ತಿತ್ತು.

‘ಕಾಫಿಗೆ ಬೀಳೋ ಕಾಯಿಕೊರಕ ಹುಳ ಗೊತ್ತಲ್ಲ? ಪಕ್ಕದ ತೋಟದಿಂದ ಗೋಣಿಚೀಲದೊಳಗೆ ಕೂತ್ಕೊಂಡು ಬತ್ತೈತೆ. ಚೀಲ ಯಾರೋ ಹೊತ್ಕೊಂಡು ಬರ್ಬೇಕು, ಬಾಯಿ ಬಿಚ್ಬೇಕು. ವೈರಸ್ಸೂ ಹಂಗೇ. ಫೈಲಿನೊಳಗೆ ಮುದುರ್ಕೊಂಡು ಇರ್ತೈತೆ, ನೀನು ಫೈಲ್ ತೆಗೆದ್ಯೋ, ಎದ್ಬುಡ್ತೈತೆ. ವರ್ಮ್ ಅಂದ್ರೆ ರಕ್ತ ಹೀರೋ ಇಂಬಳ ಕಣ್ರೋ. ಇಂಬಳನ ಯಾರಾದ್ರೂ ಹೊತ್ಕೊಂಡು ಬರ್ತಾರಾ? ಅದೇ ನಡ್ಕೊಂಡು ಬಂದು ಕಾಲಿಗೆ ಹತ್ತತೈತೆ.’

ಹೀಗೆ ಹೇಳಿದ ಮೇಲೆ ಮರೆಯುವುದು ಹೇಗೆ? ಮಳೆಗಾಲದಲ್ಲಿ ಕಾಲಿಗೆ ಇಂಬಳ ಹತ್ತಿದಾಗಲೆಲ್ಲ ನನಗೆ ನೆಟ್‌ವರ್ಕ್ ನೆನಪಾಗುತ್ತಿತ್ತು. ಆದರೆ ಟ್ರೋಜನ್ ಎನ್ನುವುದಕ್ಕೆ ಅವರಿಗೆ ನಮ್ಮ ಕಡೆಯ ಉದಾಹರಣೆ ಸಿಕ್ಕಿರಲಿಲ್ಲ. ಗೈಡಿನಲ್ಲಿದ್ದ ಪರದೇಶದ ಮರದ ಕುದುರೆಯ ಕತೆ ಹೇಳಿ, ‘ಒಳ್ಳೇ ವಸ್ತು ಥರ ವೇಷ ಹಾಕ್ಕೊಂಡು ಬರೋದು’ ಎಂದು ಮುಗಿಸುವರು. ಹೇಳಿದ್ದು ಅವರಿಗೇ ಸಮಾಧಾನವಾಗುತ್ತಿರಲಿಲ್ಲ. ‘ಇರ್ಲಿ, ಯಾವತ್ತಾದ್ರೂ ಸಿಕ್ತೈತೆ’ ಎನ್ನುತ್ತಿದ್ದರು.

ಅದು ಅವರ ಫೋನಿಗೇ ಬಂತು.

ಮದುವೆಗಳ ಕಾಲ. ಹಳೆಯ ವಿದ್ಯಾರ್ಥಿಯೊಬ್ಬನ ನಂಬರಿನಿಂದ ಲಗ್ನಪತ್ರಿಕೆ ಬಂದಿತ್ತು. ನಮ್ಮ ಕಡೆ ಕರೆದ ಮದುವೆಗೆ ಹೋಗದಿದ್ದರೆ ಮಾತು ಬಿಡುತ್ತಾರೆ, ಪತ್ರಿಕೆ ಬಿಚ್ಚಿಯೂ ನೋಡಲಿಲ್ಲವೆಂದರೆ ಮುಗಿದೇ ಹೋಯಿತು. ಮಿಸ್ಸು ಒತ್ತಿದರು. ಪತ್ರಿಕೆ ತೆರೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅವರಿಗೆ ಫೋನಿನ ಮೇಲೆ ಫೋನು: ‘ಮಿಸ್, ಯಾರ ಮದುವೆ?’ ಅವರ ಫೋನಿನೊಳಗೆ ಹೊಕ್ಕ ಅದು ಅವರ ಹೆಸರಿನಲ್ಲೇ ಎಲ್ಲರಿಗೂ ಪತ್ರಿಕೆ ಹಂಚಲು ಶುರು ಮಾಡಿತ್ತು. ಅವರು ಕೂಡಲೇ ತಮ್ಮ ಫೋನು ಆರಿಸಿ, ಕೆಳಗಿನ ಟೈರ್ ಅಂಗಡಿಯವರ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆಗೆ ತಡೆ ಹಾಕಿಸಿದರಂತೆ. ಆಮೇಲೆ ಹಾಜರಿ ಪುಸ್ತಕ ಮುಂದಿಟ್ಟುಕೊಂಡು, ಅದೇ ಫೋನಿನಿಂದ ಒಬ್ಬೊಬ್ಬರಿಗೇ ಮಾಡಿದರು. ಸಿಗದೆ ಉಳಿದವರು ಗುಡ್ಡದ ನಾವು ಕೆಲವರು. ವನಗೂರಿನ ಮೇಲಿರುವ ನಮ್ಮ ಮನೆಗಳಲ್ಲಿ ಸಿಗ್ನಲ್ ಇಲ್ಲ. ಬೆಳಿಗ್ಗೆ ಜೀಪಿನಲ್ಲಿ ಯಸಳೂರಿಗೆ ಇಳಿಯುವಾಗಲೇ ನಮ್ಮ ಫೋನುಗಳಿಗೆ ಜೀವ ಬರುತ್ತಿದ್ದದ್ದು.

ಇದೊಂದೂ ನಮಗೆ ಗೊತ್ತಿಲ್ಲ. ಮಾರನೇ ಬೆಳಿಗ್ಗೆ ಯಸಳೂರಿನ ಹತ್ತಿರದ ತಿರುವಿಗೆ ಬರುತ್ತಲೇ ಜೀಪಿನಲ್ಲಿದ್ದ ನಮ್ಮ ಫೋನುಗಳೆಲ್ಲ ಒಟ್ಟಿಗೆ ಟಣ್ ಎಂದವು.

‘ಏ, ಮಿಸ್ ಮನೇಲಿ ಮದ್ವೆ ಕಣ್ರೇ!’ ಎಂದಳು ಪಕ್ಕದವಳು.

‘ಮಗಳದ್ದಿರ್ಬೇಕು. ಇಷ್ಟು ಬೇಗನಾ?’

‘ತೆಗಿಯೇ, ಹುಡ್ಗ ಯಾರು ನೋಡಣ.’

ನನ್ನ ಫೋನಿನಲ್ಲಿ ಪತ್ರಿಕೆ ಅರ್ಧ ಇಳಿದಿತ್ತು. ಅಪ್ಪನ ಬ್ಯಾಂಕ್ ಖಾತೆಗೆ ಜೋಡಿಸಿದ್ದದ್ದು ನನ್ನ ಈ ನಂಬರನ್ನೇ. ಆ ವರ್ಷದ ಕಾಫಿ ಮಾರಿ ಬಂದದ್ದೆಲ್ಲ ಆ ಖಾತೆಯಲ್ಲಿತ್ತು. ಅಷ್ಟರಲ್ಲಿ ಜೀಪು ಕಿರ್ರನೆ ನಿಂತಿತು. ನೋಡಿದರೆ ರಸ್ತೆಯ ನಡುವೆ ಎರಡೂ ಕೈ ಚಾಚಿಕೊಂಡು ನಮ್ಮ ಮಿಸ್ಸು! ಒಂದು ಕೈಯಲ್ಲಿ ಮಡಿಸಿದ ಕೊಡೆ. ಮೊದಲ ಬಸ್ಸು ಹಿಡಿದು ಬಂದಿದ್ದರು.

‘ಯಾರೂ ಫೋನ್ ಮುಟ್ಬೇಡ್ರೋ! ಮದ್ವೆ ಇಲ್ಲ, ಏನಿಲ್ಲ. ಕೆಳಗಿಡ್ರೋ ಮೊದ್ಲು!’

ಡ್ರೈವರಣ್ಣನೂ ಗಾಬರಿಯಾಗಿ ತನ್ನ ಫೋನನ್ನು ಸೀಟಿನ ಮೇಲೆ ಎಸೆದ. ಅವನಿಗೆ ಯಾವ ಪತ್ರಿಕೆಯೂ ಬಂದಿರಲಿಲ್ಲ, ಪಾಪ. ಮಿಸ್ಸು ಒಂದೊಂದೇ ಫೋನು ಇಸಿದುಕೊಂಡು, ಆ ಫೈಲನ್ನು ಅಳಿಸಿ, ನಮ್ಮನ್ನು ಜೊತೆಗೇ ಕರೆದುಕೊಂಡು ಬಸ್ಸು ಹತ್ತಿದರು.

ಅವತ್ತೇ ಹೊಸ ಬ್ಯಾಚಿಗೆ ಸೇರಿಸುವ ದಿನ. ಮಗಳ ನರ್ಸಿಂಗ್ ಓದು, ಕೋಣೆಯ ಬಾಡಿಗೆ ಎರಡೂ ಆ ಬ್ಯಾಚನ್ನೇ ನೆಚ್ಚಿಕೊಂಡಿದ್ದವು. ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪ ಅಮ್ಮಂದಿರು ಆಗಲೇ ಮೇಲೆ ಕಾಯುತ್ತಿದ್ದರು. ಮೆಟ್ಟಿಲ ಬುಡದಲ್ಲಿ ಟೈರ್ ಅಂಗಡಿಯವರು ಮಿಸ್ಸನ್ನು ತಡೆದು ನಿಲ್ಲಿಸಿದರು. ನಾವು ಹಿಂದೆಯೇ ಇದ್ದೆವು.

‘ಮೇಡಮ್ಮೋರೇ, ಫೋನ್ ಹ್ಯಾಕ್ ಆಗೋಯ್ತು ಅಂತ ಹೇಳ್ಬುಡಿ, ಮುಗೀತು. ವೈರಸ್ ಪಾಠ ಮಾಡೋರೇ ಒತ್ಬುಟ್ರು ಅಂದ್ರೆ ಯಾರ್ ಸೇರ್ತಾರೆ ಹೇಳಿ?’

ಅವರು ಹೇಳಿದ್ದು ಕೆಟ್ಟದ್ದಕ್ಕಲ್ಲ. ನಮಗೂ ಅದೇ ಸರಿ ಅನ್ನಿಸಿತು. ಮೋಸ ಹೋದವರೆಲ್ಲ ಹೇಳುವುದೂ ಅದನ್ನೇ. ಹ್ಯಾಕ್ ಆಯಿತು ಎಂದರೆ ಗಾಳಿಗೆ ಹೆಂಚು ಹಾರಿದ ಹಾಗೆ, ಯಾರ ತಪ್ಪೂ ಇಲ್ಲ. ಮಿಸ್ಸು ತಲೆಯಾಡಿಸಿ ಮೇಲೆ ಹತ್ತಿದರು. ಬೋರ್ಡಿನ ಮುಂದೆ ನಿಂತು, ಬಂದ ಮೆಸೇಜನ್ನು ಇದ್ದದ್ದು ಇದ್ದ ಹಾಗೆ ಬರೆದರು.

‘ಇದು ನಂಗೆ ನಿನ್ನೆ ಬಂದಿದ್ದು. ಹ್ಯಾಕ್ ಆಗ್ಲಿಲ್ಲ, ನಾನೇ ಒತ್ತಿದ್ದು. ಎಲ್ಲೆಲ್ಲಿ ನಿಲ್ಬೇಕಿತ್ತು ಹೇಳ್ತೀನಿ, ಕೇಳ್ಕಳಿ. ಫೈಲ್ ಹೆಸ್ರಿನ ಕೊನೆಗೆ ಎಪಿಕೆ ಅಂತ ಐತೆ. ಪತ್ರಿಕೆ ಆಗಿದ್ರೆ ಪಿಡಿಎಫ್ಫೋ ಫೋಟೋನೋ ಇರ್ಬೇಕಿತ್ತು, ಎಪಿಕೆ ಅಂದ್ರೆ ಆ್ಯಪು. ನಾನು ನೋಡ್ಲಿಲ್ಲ. ಇನ್‌ಸ್ಟಾಲ್ ಮಾಡ್ಲಾ ಅಂತು, ಹೂಂ ಅಂದೆ. ಆಮೇಲೆ ನಿನ್ನ ಮೆಸೇಜ್ ಓದ್ಲಾ ಅಂತ ಕೇಳ್ತು. ಲಗ್ನಪತ್ರಿಕೆಗೆ ನನ್ನ ಮೆಸೇಜ್ ಓದೋ ಕೆಲ್ಸ ಏನೈತ್ರೋ? ಒಟಿಪಿ ಬರೋದು ಅಲ್ಲೇ ತಾನೆ? ಅಲ್ಲಾದ್ರೂ ನಿಲ್ಬೇಕಿತ್ತು. ಗೊತ್ತಿರೋ ಹುಡ್ಗ ಕಳ್ಸಿದಾನಲ್ಲ ಅನ್ನೋ ಧೈರ್ಯ. ಟ್ರೋಜನ್ ಅಂದ್ರೆ ಇದೇ. ಬರ್ಕಳಿ.’

ಹಿಂದೆ ನಿಂತಿದ್ದ ಒಬ್ಬ ತಂದೆ ಕೇಳಿಯೇಬಿಟ್ಟರು: ‘ನೀವೇ ಹಿಂಗ್ ಒತ್ಬುಟ್ರೆ ನಮ್ ಹುಡುಗ್ರಿಗೆ ಇನ್ನೇನ್ ಕಲಿಸ್ತೀರಾ?’

‘ಇದನ್ನೇ ಕಲಿಸ್ತೀನಿ ಸ್ವಾಮಿ’ ಎಂದರು ಮಿಸ್ಸು.

ಆತ ಮಗನನ್ನು ಕರೆದುಕೊಂಡು ಇಳಿದು ಹೋದರು. ಅವರ ಹಿಂದೆ ಇನ್ನೂ ಕೆಲವರು ಇಳಿದರು. ಆ ವರ್ಷ ಬ್ಯಾಚು ಅರ್ಧವೂ ತುಂಬಲಿಲ್ಲ. ಸಂಜೆ ಹೊತ್ತು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡಿ ಸರಿದೂಗಿಸಿದರು. ಊರಿನವರು ಬಾಯಿಗೆ ಬಂದಂತೆ ಆಡಿಕೊಂಡರು. ಲಗ್ನಪತ್ರಿಕೆ ಮಿಸ್ಸು ಎಂದು ಹೆಸರೂ ಇಟ್ಟರು. ನನಗೆ ಉರಿದು ಹೋಗುತ್ತಿತ್ತು. ಅವರಿಗೆ ಮಾತ್ರ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಪ್ರತಿ ಬ್ಯಾಚಿಗೂ ಮೊದಲ ಪಾಠ ಅದೇ ಆಯಿತು.

ನನಗೆ ಬ್ಯಾಂಕಿನಲ್ಲಿ ಕ್ಲರ್ಕ್ ಕೆಲಸ ಸಿಕ್ಕಿತು. ಕೌಂಟರಿನ ಈಚೆ ಕೂತ ಮೇಲೆ ಗೊತ್ತಾದದ್ದು, ಮೋಸ ಹೋದವರು ಬೇಗ ಬರುವುದಿಲ್ಲ. ಹಣ ಹೋದ ಸಂಕಟಕ್ಕಿಂತ ನಾಲ್ಕು ಜನ ನಗುತ್ತಾರೆನ್ನುವ ಭಯ ದೊಡ್ಡದು. ಆ ಭಯದಲ್ಲಿ ಕಳೆಯುವ ಹೊತ್ತೇ ಕಳ್ಳನಿಗೆ ಅನುಕೂಲ. ಹೋದ ವರ್ಷ ಒಬ್ಬ ಹಿರಿಯರು ಬಂದರು. ಎಸ್ಟೇಟಿನಲ್ಲಿ ರೈಟರಾಗಿ ಲೆಕ್ಕಪತ್ರ ನೋಡಿಕೊಂಡಿದ್ದು ನಿವೃತ್ತರಾದವರು. ಕೌಂಟರಿಗೆ ಬಾಯಿ ತಂದು ಮೆಲ್ಲಗೆ, ‘ಹ್ಯಾಕ್ ಆದಂಗೈತೆ ಕಣಮ್ಮ’ ಎಂದರು. ಏನಾಯಿತು ಎಂದರೆ ಹೇಳುತ್ತಿಲ್ಲ. ಫೋನು ಕೊಡಿ ಎಂದರೆ ಜೇಬಿನ ಮೇಲೆ ಕೈ ಒತ್ತಿಕೊಂಡರು.

‘ನಂಗೆ ಈ ಪಾಠ ಹೇಳ್ಕೊಟ್ಟ ಮಿಸ್ಸೇ ಒಂದ್ಸಲ ಒತ್ಬುಟ್ಟಿದ್ರು ಸಾರ್’ ಎಂದೆ.

ಅವರು ನನ್ನ ಮುಖ ನೋಡಿದರು. ‘ನಿಜವಾ?’

‘ದೇವ್ರಾಣೆ. ಲಗ್ನಪತ್ರಿಕೆ ಅಂತ.’

ಅವರ ಹೆಗಲು ಇಳಿಯಿತು. ಫೋನು ತೆಗೆದು ಕೌಂಟರಿನ ಮೇಲಿಟ್ಟರು. ಬೆಳಿಗ್ಗೆಯಷ್ಟೇ ಆದದ್ದು. ಕೂಡಲೇ ಖಾತೆಗೆ ತಡೆ ಹಾಕಿದೆವು, ಸಹಾಯವಾಣಿಗೆ ದೂರು ಕೊಡಿಸಿದೆವು. ಸ್ವಲ್ಪ ಹೋಗಿತ್ತು, ಬಹುಪಾಲು ಉಳಿಯಿತು.

ಸಂತೋಷ ತಡೆಯಲಾರದೆ ಬ್ಯಾಂಕಿನ ಫೋನಿನಿಂದಲೇ ಮಿಸ್ಸಿಗೆ ಮಾಡಿದೆ. ‘ಬ್ಯಾಂಕಿಂದ ಮಾತಾಡ್ತಿರೋದು’ ಎಂದೆನೋ ಇಲ್ಲವೋ, ಪಟ್ಟನೆ ಕಟ್ ಮಾಡಿದರು. ಮತ್ತೆ ಮಾಡಿದರೆ ಎತ್ತಲೇ ಇಲ್ಲ. ಭಾನುವಾರ ಬಸ್ಸು ಹತ್ತಿ ಬಾಳ್ಳುಪೇಟೆಗೇ ಹೋಗಬೇಕಾಯಿತು.

ಮಗಳು ಈಗ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಮಿಸ್ಸು ಅದೇ ಕೋಣೆಯಲ್ಲಿ, ಇನ್ನಷ್ಟು ದಪ್ಪ ಕನ್ನಡಕ. ನಾನು ಎಲ್ಲ ಹೇಳಿದೆ. ಅವತ್ತು ಅವರು ಜೀಪು ತಡೆಯದಿದ್ದರೆ ನನ್ನ ಅಪ್ಪನ ದುಡಿಮೆ ಇರುತ್ತಿರಲಿಲ್ಲ, ‘ನಾನೇ ಒತ್ತಿದ್ದು’ ಎನ್ನದಿದ್ದರೆ ಆ ಹಿರಿಯರದ್ದೂ ಉಳಿಯುತ್ತಿರಲಿಲ್ಲ, ಈ ಋಣ ನನ್ನಿಂದ ತೀರುವುದಲ್ಲ ಎಂದೆ. ಅದ್ಯಾವುದೂ ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ.

‘ಮನೇಲಿ ಯಾರೂ ಆ ಯಜಮಾನ್ರನ್ನ ಬೈಲಿಲ್ಲ ತಾನೆ?’ ಎಂದು ಕೇಳಿದರು.

‘ಇಲ್ಲ ಮಿಸ್. ಮಗನ ಹತ್ರ ನಾನೇ ಮಾತಾಡಿದೆ. ನಮ್ ಮಿಸ್ಸಿಗೂ ಹಿಂಗೇ ಆಗಿತ್ತು ಅಂದೆ.’

‘ನೀನು ಎಲ್ಲಾರ್ಗೂ ಹೇಳ್ತೀಯೇನೇ?’

‘ಕೌಂಟರಿಗೆ ಬಂದೋರಿಗೆಲ್ಲ ಹೇಳ್ತೀನಿ. ಬೇಜಾರಾ ಮಿಸ್?’

ಮಿಸ್ಸು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ‘ಹೇಳೇ, ಹೇಳು. ವಯಸ್ಸು ಮೀರೋ ತನಕ ಬ್ಯಾಂಕ್ ಪರೀಕ್ಷೆ ಬರ್ದೆ ನಾನು, ಒಂದೂ ಆಗ್ಲಿಲ್ಲ. ನನ್ನ ದಡ್ಡತನಕ್ಕಾದ್ರೂ ಅಲ್ಲಿ ಕೆಲ್ಸ ಸಿಕ್ತಲ್ಲ ಮಾರಾಯ್ತಿ!’ ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅವರ ಕೈ ಹಿಡಿದುಕೊಂಡೆ.